ಲಗ್ನಪತ್ರಿಕೆ ಅಚ್ಚಾದ ಮೇಲೆ

ಮದುವೆಗೆ ಇನ್ನು ಮೂರು ವಾರ ಇದೆ ಅನ್ನುವಾಗ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರು ಮದುವೆಯಾಗುವವರೇ. ಅಪ್ಪ ಛತ್ರದವರ ಜೊತೆ, ಅಡುಗೆಯವರ ಜೊತೆ ಫೋನಿನಲ್ಲಿರುತ್ತಾರೆ. ಅಮ್ಮ ಯಾರಿಗೆ ಸೀರೆ, ಯಾರಿಗೆ ಬರೀ ರವಿಕೆ ಕಣ ಎಂದು ಲೆಕ್ಕ ಹಾಕುತ್ತಿರುತ್ತಾರೆ. ಯಾವ ಊರಿನ ಪತ್ರಿಕೆ ಯಾರು ಹಂಚಬೇಕು ಎಂದು ಚಿಕ್ಕಪ್ಪ ಪಟ್ಟಿ ಮಾಡುತ್ತಾರೆ. ಇವರೆಲ್ಲರ ನಡುವೆ ಕೂತ ಹುಡುಗಿಯನ್ನು ಯಾರಾದರೂ ‘ಏನಮ್ಮ, ಖುಷಿನಾ?’ ಎಂದು ಕೇಳಿದರೆ ಅವಳು ನಗುತ್ತಾಳೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಸೂರು ನೋಡುತ್ತ ಮಲಗುವವಳೂ ಅವಳೇ. ಹುಡುಗನ ಮನೆಯಲ್ಲೂ ಇದೇ ಕಥೆ. ಅವನಿಗೆ ಆ ಪ್ರಶ್ನೆ ಕೇಳುವವರೂ ಇರುವುದಿಲ್ಲ.

ಆ ಹೊತ್ತಿನಲ್ಲಿ ತಲೆಯೊಳಗೆ ಏನೇನಿರುತ್ತದೆ? ಧಾರೆ ಸೀರೆಯ ಬ್ಲೌಸಿನ ಎಡತೋಳು ಬಿಗಿ. ಆಫೀಸಿನಲ್ಲಿ ಹದಿನೈದು ದಿನ ಕೇಳಿದ ರಜೆಗೆ ಇನ್ನೂ ಉತ್ತರವಿಲ್ಲ. ಗಲ್ಲದ ಮೇಲೆ ಮೊಡವೆ ಎದ್ದಿದೆ. ಮುಹೂರ್ತದ ದಿನವೇ ಮುಟ್ಟಾದರೆ? ಅಪ್ಪ ಯಾರ ಹತ್ತಿರ ಎಷ್ಟು ಸಾಲ ಮಾಡಿದ್ದಾರೋ, ಕೇಳಿದರೆ ಹೇಳುವುದಿಲ್ಲ. ಅವರ ಮನೆಯಲ್ಲಿ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾರೆ? ಅತ್ತೆಯನ್ನು ಅಮ್ಮ ಅನ್ನಬೇಕೋ, ಅತ್ತೆ ಅನ್ನಬೇಕೋ? ಮೊನ್ನೆ ಫೋನಿನಲ್ಲಿ ಅವರು ‘ಅಷ್ಟೊತ್ತು ಯಾರ ಜೊತೆ ಮಾತಾಡ್ತಿದ್ದೆ’ ಅಂದರಲ್ಲ, ಅದು ತಮಾಷೆಗಾ?

ನಡುರಾತ್ರಿಯಲ್ಲಿ ಇವೆಲ್ಲ ಒಂದೇ ತೂಕದವಾಗಿ ಕಾಣುತ್ತವೆ. ಬ್ಲೌಸಿನ ತೋಳೂ ಅಷ್ಟೇ ಭಾರ, ಫೋನಿನ ಆ ಮಾತೂ ಅಷ್ಟೇ ಭಾರ. ಹಗಲು ಯಾರ ಹತ್ತಿರವಾದರೂ ಹೇಳಿಕೊಂಡರೆ ಎಲ್ಲಕ್ಕೂ ಸಿಗುವ ಉತ್ತರವೂ ಒಂದೇ: ‘ಎಲ್ಲರಿಗೂ ಹಾಗೇ ಆಗತ್ತೆ, ಏನೂ ಯೋಚ್ನೆ ಮಾಡ್ಬೇಡ.’ ವಿಜ್ಞಾನ ಈ ಉತ್ತರವನ್ನು ಒಪ್ಪುವುದಿಲ್ಲ. ಈ ಚಿಂತೆಗಳಲ್ಲಿ ಕೆಲವನ್ನು ಕಾಗದಕ್ಕೆ ಇಳಿಸಿದರೆ ಸಾಕು. ಕೆಲವಕ್ಕೆ ವೈದ್ಯರು ಬೇಕು. ಒಂದು ಬಗೆಯದನ್ನು ಮಾತ್ರ ಮನೆಯ ಹಿರಿಯರು ಕೆಲಸ ಬಿಟ್ಟು ಕೂತು ಕೇಳಲೇಬೇಕು.

ಮೊದಲು, ಸಂತೋಷದ ಕೆಲಸಕ್ಕೆ ಇಷ್ಟೊಂದು ಕಳವಳ ಏಕೆ ಎಂಬ ಪ್ರಶ್ನೆ. 1967ರಲ್ಲಿ ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಮನೋವೈದ್ಯರು ಬದುಕಿನ 43 ಘಟನೆಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೂ ಮನುಷ್ಯ ತನ್ನನ್ನು ಎಷ್ಟು ಹೊಂದಿಸಿಕೊಳ್ಳಬೇಕಾಗುತ್ತದೆ ಎಂದು ಅಂಕ ಕೊಡಿಸಿದರು. ಅಳತೆಗೋಲಾಗಿ ಅವರು ಆರಿಸಿಕೊಂಡದ್ದೇ ಮದುವೆಯನ್ನು. ಮದುವೆಗೆ ಇಷ್ಟು ಅಂಕ ಎಂದು ಮೊದಲೇ ಗೊತ್ತುಮಾಡಿ, ಉಳಿದದ್ದನ್ನು ಅದರೊಡನೆ ಹೋಲಿಸಿ ಹೇಳಿ ಎಂದು ಜನರನ್ನು ಕೇಳಿದರು. ಕೊನೆಗೆ ಸಿದ್ಧವಾದ ಪಟ್ಟಿಯಲ್ಲಿ ಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಮದುವೆಗೆ 50, ಕೆಲಸ ಕಳೆದುಕೊಳ್ಳುವುದಕ್ಕೆ 47. ನೌಕರಿ ಹೋಗುವುದಕ್ಕಿಂತ ಮದುವೆ ಒಂದು ಮೆಟ್ಟಿಲು ಮೇಲೆ! ಅವರು ಕೇಳಿದ್ದು ಘಟನೆ ಒಳ್ಳೆಯದೋ ಕೆಟ್ಟದ್ದೋ ಎಂದಲ್ಲ, ದಿನಚರಿ ಎಷ್ಟು ಬದಲಾಗುತ್ತದೆ ಎಂದು. ಮಲಗುವ ಕೋಣೆ, ಊಟದ ರುಚಿ, ಹೆಸರಿನ ಮುಂದಿನ ಹೆಸರು, ಹಬ್ಬದ ದಿನ ಹೋಗಬೇಕಾದ ಊರು, ಸಂಬಳದ ಲೆಕ್ಕ, ಇಷ್ಟೂ ಒಂದೇ ವಾರದಲ್ಲಿ ಬದಲಾಗುವ ಇನ್ನೊಂದು ಘಟನೆ ನಮ್ಮ ಬದುಕಿನಲ್ಲಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳಿಗಂತೂ ಊರೇ ಬದಲಾಗುತ್ತದೆ.

ದೇಹ ಇದಕ್ಕೆ ತನ್ನ ಹಳೆಯ ರೀತಿಯಲ್ಲೇ ಸಿದ್ಧವಾಗುತ್ತದೆ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಕೊಡುತ್ತದೆ, ಅದು ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಹೇಳುತ್ತದೆ, ಅಲ್ಲಿಂದ ಕಾರ್ಟಿಸಾಲ್ ರಕ್ತಕ್ಕೆ ಸೇರುತ್ತದೆ. ಕಾರ್ಟಿಸಾಲ್ ಶತ್ರುವಲ್ಲ. ಅದಿಲ್ಲದೆ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲೂ ಆಗದು. ನಡುರಾತ್ರಿಯ ಹೊತ್ತಿಗೆ ಅದು ತೀರ ಕಡಿಮೆಯಿರುತ್ತದೆ, ನಸುಕಿನಲ್ಲಿ ಏರತೊಡಗುತ್ತದೆ, ಎದ್ದ ಅರ್ಧ ಗಂಟೆಯ ಸುಮಾರಿಗೆ ತುದಿ ಮುಟ್ಟುತ್ತದೆ. ವಾರಗಟ್ಟಲೆ ಒತ್ತಡವಿದ್ದಾಗ ಈ ಲಯ ತಪ್ಪುತ್ತದೆ. ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟಿದ್ದರಿಂದ ಚಿಂತೆ ಹೆಚ್ಚುತ್ತದೆ. 2007ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಜೊತೆಯವರು, ಸುಮಾರು 35 ಗಂಟೆ ನಿದ್ದೆಗೆಟ್ಟ ಯುವಜನರಿಗೆ ಮನಸ್ಸು ಕಲಕುವ ಚಿತ್ರಗಳನ್ನು ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ಭಯವನ್ನು ಗುರುತಿಸುವ ಅಮಿಗ್ಡಲ ಎಂಬ ಭಾಗ, ಚೆನ್ನಾಗಿ ಮಲಗಿ ಬಂದವರಿಗಿಂತ ಶೇ 60ರಷ್ಟು ಹೆಚ್ಚು ಕೆರಳಿತ್ತು. ಮದುವೆ ಮನೆಯಲ್ಲಿ ಸಣ್ಣ ಮಾತಿಗೂ ಅಳು ಬರುವುದಕ್ಕೆ, ‘ಹೂವಿನವನಿಗೆ ಹೇಳಿದ್ದೀಯಾ’ ಎಂಬ ಪ್ರಶ್ನೆಗೆ ಅಪ್ಪ ಗದರುವುದಕ್ಕೆ ಯಾರ ಗುಣವೂ ಕಾರಣವಲ್ಲ. ಆ ಮನೆಯಲ್ಲಿ ಯಾರೂ ಸರಿಯಾಗಿ ಮಲಗಿರುವುದಿಲ್ಲ, ಅಷ್ಟೆ.

ಮೊಡವೆಯ ವಿಷಯವೂ ಕಲ್ಪನೆಯಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 22 ವಿದ್ಯಾರ್ಥಿಗಳನ್ನು ಪರೀಕ್ಷೆಯ ದಿನಗಳಲ್ಲೂ ಬಿಡುವಿನ ದಿನಗಳಲ್ಲೂ ನೋಡಿ, ಒತ್ತಡ ಹೆಚ್ಚಿದವರ ಮೊಡವೆಯೂ ಹೆಚ್ಚಿದ್ದನ್ನು 2003ರಲ್ಲಿ ಪ್ರಕಟಿಸಿದರು. ಅಪಾಯ ಇರುವುದು ಮೊಡವೆಯಲ್ಲಲ್ಲ, ಅದಕ್ಕೆ ಹುಡುಕುವ ಅವಸರದ ಮದ್ದಿನಲ್ಲಿ. ಯಾರೋ ಹೇಳಿದರೆಂದು ಮೆಡಿಕಲ್ ಶಾಪಿನಿಂದ ತರುವ ‘ಒಂದೇ ವಾರದಲ್ಲಿ ಬೆಳ್ಳಗಾಗುವ’ ಕ್ರೀಮುಗಳಲ್ಲಿ ಬಹಳಷ್ಟಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ. ಮೊದಲ ವಾರ ಮುಖ ತಿಳಿಯಾಗಿ ಕಾಣುತ್ತದೆ, ಆಮೇಲೆ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಬಿಟ್ಟರೆ ಮೊಡವೆ ಇಮ್ಮಡಿಯಾಗಿ ಬರುತ್ತದೆ. ಇದಕ್ಕಾಗಿಯೇ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಹಚ್ಚಿದ ಕೂಡಲೇ ಕಡುಕಪ್ಪಾಗುವ ಮೆಹಂದಿಯೂ ಹೀಗೆಯೇ. ಮದರಂಗಿ ಎಲೆಯ ಬಣ್ಣ ಕೇಸರಿಯಿಂದ ಕಂದುಗೆಂಪಿಗೆ ತಿರುಗುತ್ತದೆಯೇ ಹೊರತು ಕಪ್ಪಾಗುವುದಿಲ್ಲ. ಕಪ್ಪು ಬರುವುದು ಕೂದಲ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕದಿಂದ. ಕೆಲವರಿಗೆ ಅದು ಅಂಗೈ ತುಂಬ ಬೊಬ್ಬೆ ಎಬ್ಬಿಸುತ್ತದೆ. ಮುಖಕ್ಕಾಗಲಿ ಕೈಗಾಗಲಿ, ಮದುವೆಗೆ ಒಂದು ತಿಂಗಳಿರುವಾಗ ಹೊಸದೇನನ್ನೂ ಶುರುಮಾಡದಿರುವುದೇ ಕ್ಷೇಮ.

ಇನ್ನು ಮುಟ್ಟು. ಹುಡುಗಿಯರು ಇದನ್ನು ಅಕ್ಕನ ಹತ್ತಿರವೋ ಗೆಳತಿಯ ಹತ್ತಿರವೋ ಪಿಸುಗುಟ್ಟಿ ಕೇಳುತ್ತಾರೆ, ಉತ್ತರವಾಗಿ ಒಂದು ಮಾತ್ರೆಯ ಹೆಸರು ಸಿಗುತ್ತದೆ. ಆ ಮಾತ್ರೆ ಸಾಮಾನ್ಯವಾಗಿ ನಾರೆಥಿಸ್ಟೆರೋನ್. ಮುಟ್ಟಿನ ದಿನಕ್ಕೆ ಮೂರು ದಿನ ಮೊದಲಿನಿಂದ ತೆಗೆದುಕೊಂಡರೆ ಗರ್ಭಕೋಶದ ಒಳಪದರ ಕಳಚದಂತೆ ಅದು ತಡೆದಿಡುತ್ತದೆ, ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ. ಹೆಚ್ಚಿನವರಿಗೆ ಇದರಿಂದ ತೊಂದರೆಯಾಗುವುದಿಲ್ಲ. ಆದರೆ ರಕ್ತ ಹೆಪ್ಪುಗಟ್ಟುವ ತೊಂದರೆ ತಮಗೋ ಮನೆಯಲ್ಲಿ ಯಾರಿಗೋ ಇದ್ದವರು, ಯಕೃತ್ತಿನ ಕಾಯಿಲೆಯವರು ವೈದ್ಯರನ್ನು ಕೇಳದೆ ಮುಟ್ಟಲೂ ಬಾರದು. ಇನ್ನೊಂದು ವಿಷಯ: ತಿಂಗಳ ಲೆಕ್ಕವನ್ನು ನಡೆಸುವುದೂ ಅದೇ ಹೈಪೊಥಲಾಮಸ್. ಒತ್ತಡ ಹೆಚ್ಚಾದಾಗ ಅದರ ಸಂಕೇತಗಳು ಏರುಪೇರಾಗಿ, ಇಷ್ಟು ವರ್ಷ ತಪ್ಪದ ತಾರೀಖು ಆ ತಿಂಗಳೇ ತಪ್ಪಬಹುದು. ಕ್ಯಾಲೆಂಡರ್ ನೋಡಿ ತಾವೇ ಮಾತ್ರೆ ನುಂಗುವವರು ಎಡವುವುದು ಇಲ್ಲೇ. ನನ್ನ ಅಭಿಪ್ರಾಯ ಕೇಳಿದರೆ, ಆರೋಗ್ಯವಂತ ದೇಹದ ಕೆಲಸವೊಂದು ಧಾರೆ ಎರೆಯುವುದಕ್ಕೆ ಅಡ್ಡಿಯಾಗಬೇಕಾಗಿಲ್ಲ. ಅಮ್ಮ, ಅಜ್ಜಿ ಈ ಮಾತನ್ನು ಬಾಯಿಬಿಟ್ಟು ಹೇಳಿದರೆ ಎಷ್ಟೋ ಹುಡುಗಿಯರು ಆ ರಾತ್ರಿ ನೆಮ್ಮದಿಯಿಂದ ಮಲಗುತ್ತಾರೆ.

ವೈದ್ಯರ ಬಾಗಿಲು ತಟ್ಟಲೇಬೇಕಾದ ಚಿಂತೆ ಇನ್ನೊಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇ 27ರಷ್ಟು ಮಂದಿ ರಕ್ತಸಂಬಂಧದಲ್ಲೇ ಆದವರು. ದೇಶದ ಸರಾಸರಿ ಶೇ 11. ಸೋದರಮಾವನನ್ನೋ ಅತ್ತೆಯ ಮಗನನ್ನೋ ಆಗುತ್ತಿರುವವರಿಗೆ ‘ಮಕ್ಕಳಿಗೆ ಏನಾದರೂ ಆದರೆ’ ಎಂಬ ಹೆದರಿಕೆ ಒಳಗೇ ಇರುತ್ತದೆ. ಯಾವುದೇ ದಂಪತಿಗೆ ಹುಟ್ಟುವ ಮಗುವಿನಲ್ಲಿ ಗಂಭೀರವಾದ ಹುಟ್ಟುದೋಷ ಇರುವ ಸಾಧ್ಯತೆ ಶೇ 2ರಿಂದ 3. ಅತ್ತೆ ಮಾವಂದಿರ ಮಕ್ಕಳಲ್ಲಿ ಮದುವೆಯಾದಾಗ ಅದು ಸುಮಾರು ಇಮ್ಮಡಿಯಾಗುತ್ತದೆ. ಸೋದರಮಾವನಾದರೆ ನಂಟು ಇನ್ನೂ ಹತ್ತಿರದ್ದು, ಆತಂಕವೂ ಹೆಚ್ಚಿನದು. ಮನೆತನದಲ್ಲಿ ಕಿವುಡು, ರಕ್ತಹೀನತೆ, ಕಾರಣ ತಿಳಿಯದ ಶಿಶುಮರಣ ಇದ್ದರೆ ಮದುವೆಗೆ ಮೊದಲೇ ವಂಶವಾಹಿ ತಜ್ಞರನ್ನು ಕಾಣಬೇಕು. ಥಲಸೀಮಿಯಾದ ವಿಷಯದಲ್ಲಂತೂ ಇಬ್ಬರಿಗೂ ಒಂದು ರಕ್ತಪರೀಕ್ಷೆ ಮಾಡಿಸಿದರೆ ಗೊತ್ತಾಗಿಬಿಡುತ್ತದೆ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25. ಜಾತಕಕ್ಕೆ ಕೊಡುವ ಸಮಯದಲ್ಲಿ ಕಾಲುಭಾಗ ಇದಕ್ಕೆ ಕೊಟ್ಟರೂ ಸಾಕು.

ಈಗ ಮನಸ್ಸಿನ ಕಡೆಗೆ. ‘ಯೋಚನೆ ಮಾಡಬೇಡ’ ಎಂದರೆ ಏನಾಗುತ್ತದೆ ಎಂಬುದನ್ನು ಡೇನಿಯಲ್ ವೆಗ್ನರ್ 1987ರಲ್ಲಿ ಬಹಳ ಸರಳವಾಗಿ ತೋರಿಸಿದರು. ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, ಐದು ನಿಮಿಷ ಬಿಳಿ ಕರಡಿಯೊಂದನ್ನು ಬಿಟ್ಟು ಏನನ್ನಾದರೂ ಯೋಚಿಸಿ, ಕರಡಿ ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಮತ್ತೆ ಮತ್ತೆ ಮೊಳಗಿತು. ಅದಕ್ಕಿಂತ ಮುಖ್ಯವಾದದ್ದು ಆಮೇಲೆ ನಡೆಯಿತು. ಈಗ ಬೇಕಾದರೆ ಕರಡಿಯನ್ನೇ ಯೋಚಿಸಿ ಎಂದಾಗ, ಮೊದಲು ತಡೆಹಿಡಿದಿದ್ದವರಿಗೆ ಮೊದಲಿನಿಂದಲೂ ಯೋಚಿಸಲು ಬಿಡುವು ಸಿಕ್ಕಿದ್ದವರಿಗಿಂತ ಹೆಚ್ಚು ಸಲ ಕರಡಿ ನೆನಪಾಯಿತು. ಬೇಡ ಎಂದು ಅದುಮಿದ ಯೋಚನೆ ಬಂದೇ ಬರುತ್ತದೆ, ಬರುವಾಗ ಹೆಚ್ಚಾಗಿ ಬರುತ್ತದೆ. ಏಕೆಂದರೆ ಅದು ಬಂದಿತೋ ಇಲ್ಲವೋ ಎಂದು ಕಾಯಲು ಮಿದುಳು ಅದನ್ನೇ ನೆನಪಿಟ್ಟುಕೊಳ್ಳಬೇಕಾಗುತ್ತದೆ. ಮದುಮಗಳಿಗೆ ದಿನಕ್ಕೆ ಹತ್ತು ಜನ ಹೇಳುವ ಸಮಾಧಾನ ಅವಳನ್ನು ಸಮಾಧಾನ ಮಾಡದಿರುವುದು ಈ ಕಾರಣಕ್ಕೆ.

ಹಾಗಾದರೆ ಏನು ಮಾಡಬೇಕು? ಬರ್ಲಿನ್‌ನಲ್ಲಿ ಕುರ್ಟ್ ಲೆವಿನ್ ಅವರ ಶಿಷ್ಯೆಯಾಗಿದ್ದ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಪ್ರಕಟಿಸಿದ ಪ್ರಯೋಗ ದಾರಿ ತೋರಿಸಿತು. ಮುಗಿಸಿದ ಕೆಲಸಕ್ಕಿಂತ ನಡುವೆ ಬಿಡಿಸಿದ ಕೆಲಸ ಜನರಿಗೆ ಹೆಚ್ಚು ನೆನಪಿರುತ್ತದೆ ಎಂದು ಆಕೆ ಹೇಳಿದರು. ಆ ಪ್ರಯೋಗವನ್ನು ಮರಳಿ ಮಾಡಿದವರೆಲ್ಲರಿಗೂ ಅದೇ ಫಲ ಸಿಗಲಿಲ್ಲ ನಿಜ. ಆದರೆ ಮುಗಿಯದ ಗುರಿ ಮನಸ್ಸನ್ನು ಕಾಡುತ್ತದೆ ಎಂಬುದು ಬೇರೆ ಪ್ರಯೋಗಗಳಲ್ಲೂ ಕಂಡಿತು. 2011ರಲ್ಲಿ ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಅದಕ್ಕೆ ಬೆಲೆಯುಳ್ಳ ಒಂದು ಮಾತು ಸೇರಿಸಿದರು: ಕಾಟ ನಿಲ್ಲಲು ಕೆಲಸ ಮುಗಿಯಬೇಕಾಗಿಲ್ಲ, ಅದನ್ನು ಯಾವಾಗ, ಎಲ್ಲಿ, ಹೇಗೆ ಮಾಡುವುದೆಂದು ಗೊತ್ತುಮಾಡಿಕೊಂಡರೆ ಸಾಕು.

2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ಇದನ್ನು ಹಾಸಿಗೆಯ ಬಳಿಗೇ ತಂದರು. 57 ಯುವಜನರಿಗೆ ಮಲಗುವ ಮುನ್ನ ಐದು ನಿಮಿಷ ಬರೆಯಲು ಹೇಳಿದರು. ಅರ್ಧದಷ್ಟು ಜನ ಆ ದಿನಗಳಲ್ಲಿ ಮುಗಿಸಿದ ಕೆಲಸಗಳನ್ನು, ಉಳಿದವರು ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದರು. ಮಾಡಬೇಕಾದದ್ದನ್ನು ಬರೆದವರಿಗೆ ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತು. ಎಷ್ಟು ಬಿಡಿಸಿ ಬರೆದಿದ್ದರೋ ಅಷ್ಟು ಬೇಗ. ಗಮನಿಸಬೇಕಾದದ್ದು ಈ ಕೊನೆಯ ಮಾತು. ಫೋನಿನಲ್ಲಿ ‘ಬ್ಲೌಸ್’ ಎಂದು ಒಂದೇ ಪದ ಬರೆದಿಟ್ಟರೆ ಚಿಂತೆ ಅಲ್ಲೇ ಇರುತ್ತದೆ. ‘ಬುಧವಾರ ಸಂಜೆ ಆರಕ್ಕೆ ಟೈಲರ್ ಹತ್ತಿರ ಹೋಗಿ ಎಡತೋಳು ಅರ್ಧ ಇಂಚು ಬಿಡಿಸುವುದು, ಹೋಗುವಾಗ ಧಾರೆ ಸೀರೆ ಒಯ್ಯುವುದು, ಕುಚ್ಚು ಕಟ್ಟಿಸಲು ಅಲ್ಲೇ ಕೊಡುವುದು, ಶನಿವಾರ ತಮ್ಮ ತರುತ್ತಾನೆ’ ಎಂದು ಬರೆದರೆ ಮಿದುಳು ಆ ಕೆಲಸದ ಕಾವಲು ಬಿಡುತ್ತದೆ. ಕಾಗದದ ಮೇಲೆ, ಪೆನ್ನಿನಲ್ಲಿ, ಲೈಟು ಆರಿಸುವ ಮುಂಚೆ. ಫೋನು ಕೈಗೆ ಬಂದರೆ ವಾಟ್ಸ್‌ಆ್ಯಪ್ ತೆರೆಯುತ್ತದೆ, ಅಲ್ಲಿ ಬೀಗರ ಗುಂಪಿನಲ್ಲಿ ಇನ್ನೊಂದು ಚಿಂತೆ ಕಾದಿರುತ್ತದೆ.

ಟೈಲರ್ ‘ಶನಿವಾರ’ ಎಂದರೆ ಆ ಶನಿವಾರ ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ನಂಬುತ್ತೇವೆ. 1979ರಲ್ಲಿ ಕಾನಮನ್ ಮತ್ತು ಟ್ವರ್ಸ್ಕಿ ಇದನ್ನು ಯೋಜನೆಯ ಭ್ರಮೆ ಎಂದು ಗುರುತಿಸಿದರು. 1994ರ ಒಂದು ಅಧ್ಯಯನದಲ್ಲಿ ತಮ್ಮ ಪ್ರಬಂಧ ಸುಮಾರು 34 ದಿನದಲ್ಲಿ ಮುಗಿಯುತ್ತದೆ ಎಂದಿದ್ದ ವಿದ್ಯಾರ್ಥಿಗಳು ನಿಜಕ್ಕೂ ತೆಗೆದುಕೊಂಡದ್ದು 55 ದಿನ. ನಮ್ಮ ಕೆಲಸವನ್ನು ನಾವೇ ಊಹಿಸುವಾಗ ಎಲ್ಲವೂ ಸಲೀಸಾಗಿ ನಡೆಯುವ ಚಿತ್ರ ಮಾತ್ರ ಕಣ್ಣಿಗೆ ಬರುತ್ತದೆ. ಮದ್ದೂ ಸುಲಭ: ನಿಮ್ಮ ಅಂದಾಜು ಬಿಟ್ಟು, ಕಳೆದ ವರ್ಷ ಮಗಳ ಮದುವೆ ಮಾಡಿದ ದೊಡ್ಡಮ್ಮನನ್ನು ಕೇಳಿ. ಎಷ್ಟು ಎಲೆ ಎಂದು ಹೇಳಿದ್ದಿರಿ, ಎಷ್ಟು ಎಲೆ ಬಿತ್ತು? ಎಷ್ಟು ಖರ್ಚು ಅಂದುಕೊಂಡಿದ್ದಿರಿ, ಎಷ್ಟಾಯಿತು? ಆ ಉತ್ತರ ನಿಮ್ಮ ಲೆಕ್ಕಕ್ಕಿಂತ ಸತ್ಯಕ್ಕೆ ಹತ್ತಿರವಿರುತ್ತದೆ.

ಸಾಲದ ಚಿಂತೆ ಮಾತ್ರ ಬರೆದರೂ ಹೋಗುವುದಿಲ್ಲ, ಉಸಿರಾಟದ ಅಭ್ಯಾಸದಿಂದಲೂ ಹೋಗುವುದಿಲ್ಲ. ಅಪ್ಪ ಮುಚ್ಚಿಟ್ಟ ಲೆಕ್ಕ ಮಗಳಿಗೆ ಅಂದಾಜಾಗಿಯೇ ತಿಳಿದಿರುತ್ತದೆ, ಆ ಅಂದಾಜು ನಿಜಕ್ಕಿಂತ ದೊಡ್ಡದಾಗಿರುತ್ತದೆ. ಪುಸ್ತಕ ತೆರೆದು ತೋರಿಸುವುದೊಂದೇ ದಾರಿ. ಸಾಧ್ಯವಾದರೆ ಸಾಲವೇ ಬೇಡದ ಹಾಗೆ ಮದುವೆ ಮಾಡುವುದು. ಆಡಂಬರವಿಲ್ಲದ ಸರಳ ಮದುವೆಗೆಂದೇ ಕುವೆಂಪು ಮಂತ್ರಮಾಂಗಲ್ಯವನ್ನು ರೂಪಿಸಿಕೊಟ್ಟರು, ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯೂ ಹಾಗೆಯೇ ನಡೆಯಿತು. ಆ ದಾರಿ ಇಂದಿಗೂ ತೆರೆದೇ ಇದೆ.

‘ನಾಲ್ಕು ಜನ ಏನಂದಾರು’ ಎಂಬುದಕ್ಕೂ ಒಂದು ಪ್ರಯೋಗವಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ್ದು. ಹಾಕಿಕೊಳ್ಳಲು ನಾಚಿಕೆಯಾಗುವಂಥ ಚಿತ್ರವಿದ್ದ ಟೀಶರ್ಟ್ ತೊಡಿಸಿ ವಿದ್ಯಾರ್ಥಿಯನ್ನು ಒಂದು ಕೋಣೆಗೆ ಕಳಿಸಿದರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಆ ಚಿತ್ರವನ್ನು ಗಮನಿಸಿರಬಹುದೆಂದು ಅವನ ಅಂದಾಜು. ನಿಜಕ್ಕೂ ಗಮನಿಸಿದವರು ಸುಮಾರು ಅದರ ಅರ್ಧದಷ್ಟು ಮಾತ್ರ. ಆರತಕ್ಷತೆಯಲ್ಲಿ ವೇದಿಕೆ ಹತ್ತಿ ಬರುವವರ ಮನಸ್ಸಿನಲ್ಲಿ ಇರುವುದು ಫೋಟೊದಲ್ಲಿ ತಾವು ಹೇಗೆ ಬರುತ್ತೇವೆ, ಮುಯ್ಯಿ ಕವರ್ ಯಾರ ಕೈಗೆ ಕೊಡಬೇಕು, ಊಟದ ಪಂಕ್ತಿ ಯಾವಾಗ ಎದ್ದೀತು ಎಂಬುದು. ಎಡತೋಳಿನ ಬಿಗಿಯನ್ನು ನೋಡಲು ಅವರಿಗೆ ಪುರುಸೊತ್ತಿಲ್ಲ.

ಯಾರೂ ಕೇಳದ, ಯಾರೂ ಹೇಳದ ಇನ್ನೊಂದು ಹೆದರಿಕೆ ಮೊದಲ ರಾತ್ರಿಯದು. ಹುಡುಗನಿಗೆ ತನ್ನಿಂದ ಆಗುತ್ತದೆಯೋ ಎಂಬ ಭಯ, ಹುಡುಗಿಗೆ ನೋವಿನ ಭಯ. ದಿನವಿಡೀ ಹೋಮದ ಹೊಗೆ, ನಿಂತು ನಿಂತು ಸೋತ ಕಾಲು, ಹಿಂದಿನ ರಾತ್ರಿಯ ನಿದ್ದೆಗೇಡು, ಅದರ ಮೇಲೆ ಬಾಗಿಲಾಚೆ ಕಿವಿಗೊಟ್ಟ ನೆಂಟರು. ಭಯದಲ್ಲಿ ಹರಿಯುವ ಅಡ್ರಿನಲಿನ್ ದೇಹವನ್ನು ಓಡಲು ಸಜ್ಜು ಮಾಡುತ್ತದೆ, ಪ್ರಣಯಕ್ಕೆ ಬೇಕಾದ ಸಡಿಲಿಕೆಯನ್ನು ಅದೇ ಕಸಿದುಕೊಳ್ಳುತ್ತದೆ. ಆ ರಾತ್ರಿ ಏನೂ ಆಗದಿದ್ದರೆ ಅದು ರೋಗವಲ್ಲ. ಮಲಗಿ ನಿದ್ದೆ ಮಾಡುವುದೇ ಇಬ್ಬರಿಗೂ ಒಳ್ಳೆಯದು. ರಕ್ತ ಕಾಣಲೇಬೇಕು ಎಂಬ ನಂಬಿಕೆಗೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಯೋನಿಯ ಪೊರೆ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುತ್ತದೆ, ಎಷ್ಟೋ ಹೆಣ್ಣುಮಕ್ಕಳಿಗೆ ಮೊದಲ ಸಲ ರಕ್ತ ಬರುವುದೇ ಇಲ್ಲ. ಯಾವ ಪರೀಕ್ಷೆಯಿಂದಲೂ ಕನ್ಯತ್ವವನ್ನು ತಿಳಿಯಲಾಗದು, ಅಂಥ ಪರೀಕ್ಷೆಗಳನ್ನು ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವಸಂಸ್ಥೆಯ ಇತರ ಅಂಗಗಳೂ 2018ರಲ್ಲಿ ಸ್ಪಷ್ಟವಾಗಿ ಹೇಳಿವೆ. ಈ ಒಂದು ವಿಷಯವನ್ನು ಹುಡುಗನಿಗೆ ಮದುವೆಗೆ ಮೊದಲೇ ಅಣ್ಣನೋ ಭಾವನೋ ತಿಳಿಸಿ ಹೇಳಿದರೆ ಒಂದು ಸಂಸಾರಕ್ಕೆ ಉಪಕಾರವಾಗುತ್ತದೆ.

ಇಷ್ಟು ಓದಿದ ಮೇಲೆ, ಹೆಚ್ಚಿನ ಚಿಂತೆಗಳು ಪೊಳ್ಳು ಎಂದು ಅನ್ನಿಸಬಹುದು. ಅದಕ್ಕೆ ಬೆಂಬಲವೂ ಇದೆ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಅತಿಚಿಂತೆಯ ಕಾಯಿಲೆಯಿದ್ದ 29 ಜನರಿಗೆ ತಮ್ಮ ಚಿಂತೆಗಳನ್ನು ಬರೆದಿಡಲು ಹೇಳಿ, ಆಮೇಲೆ ಅವು ನಿಜವಾದುವೋ ಎಂದು ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಶೇ 91ರಷ್ಟು ನಿಜವಾಗಲಿಲ್ಲ. ಕೆಟ್ಟದ್ದು ನಡೆದಾಗಲೂ ಅದರ ನೋವು ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ನಾವು ಹೆಚ್ಚಾಗಿಯೇ ಅಂದಾಜು ಮಾಡುತ್ತೇವೆ ಎಂದು ಡೇನಿಯಲ್ ಗಿಲ್ಬರ್ಟ್ ಮತ್ತು ಟಿಮೊಥಿ ವಿಲ್ಸನ್ ಹಲವು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಹೊಸ ಮನೆಯ ಸಾರಿನ ರುಚಿಗೆ, ಬೆಳಗಿನ ಐದು ಗಂಟೆಗೆ, ಅತ್ತೆಯನ್ನು ಕರೆಯುವ ರೀತಿಗೆ ಮನುಷ್ಯರು ಹೊಂದಿಕೊಳ್ಳುತ್ತಾರೆ. ಆದರೆ ಈ ಸಂಶೋಧನೆಗಳನ್ನು ‘ಹೇಗೋ ಹೊಂದಿಕೊಂಡು ಹೋಗು’ ಎಂಬ ಮಾತಿಗೆ ಯಾರೂ ಸಾಕ್ಷಿಯಾಗಿ ಎಳೆಯಬಾರದು. ನೂರರಲ್ಲಿ ಉಳಿದ ಒಂಬತ್ತು ಇವೆ.

ಆ ಒಂಬತ್ತರ ಬಗ್ಗೆ ನಾವು ಓದಲೇಬೇಕಾದ ಅಧ್ಯಯನ ಲಾಸ್ ಏಂಜಲಿಸ್‌ನದು. ಜಸ್ಟಿನ್ ಲಾವ್ನರ್, ಬೆಂಜಮಿನ್ ಕಾರ್ನಿ, ಥಾಮಸ್ ಬ್ರಾಡ್‌ಬರಿ ಎಂಬ ಮನೋವಿಜ್ಞಾನಿಗಳು ಆಗಷ್ಟೇ ಮದುವೆಯಾಗಿದ್ದ 232 ಜೋಡಿಗಳನ್ನು ಒಂದು ಸರಳ ಪ್ರಶ್ನೆ ಕೇಳಿದರು: ಮದುವೆಯಾಗುವ ಬಗ್ಗೆ ನಿಮಗೆ ಎಂದಾದರೂ ಅನುಮಾನವೋ ಹಿಂಜರಿಕೆಯೋ ಇತ್ತೆ? ಗಂಡಂದಿರಲ್ಲಿ ಶೇ 47, ಹೆಂಡತಿಯರಲ್ಲಿ ಶೇ 38 ಮಂದಿ ಹೌದು ಎಂದರು. ಅಂದರೆ ಹಿಂಜರಿಕೆ ಬಹಳ ಸಾಮಾನ್ಯ, ಹಿರಿಯರು ಹೇಳುವ ‘ಎಲ್ಲರಿಗೂ ಆಗತ್ತೆ’ ಅರ್ಧ ನಿಜ. ಇನ್ನರ್ಧ ನಾಲ್ಕು ವರ್ಷಗಳ ನಂತರ ಗೊತ್ತಾಯಿತು. ಅನುಮಾನವಿತ್ತು ಎಂದಿದ್ದ ಹೆಂಡತಿಯರಲ್ಲಿ ಶೇ 19ರಷ್ಟು ಮಂದಿಗೆ ವಿಚ್ಛೇದನವಾಗಿತ್ತು. ಇರಲಿಲ್ಲ ಎಂದಿದ್ದವರಲ್ಲಿ ಶೇ 8. ಗಂಡಂದಿರಲ್ಲಿ ಆ ಅಂತರ ಇಷ್ಟಿರಲಿಲ್ಲ: ಶೇ 14 ಮತ್ತು ಶೇ 9. ಹಿಂಜರಿದವರು ಹೆಚ್ಚು ಗಂಡಸರು, ಆದರೆ ನಿಜವಾದದ್ದು ಹೆಚ್ಚಾಗಿ ಹೆಂಗಸರ ಅನುಮಾನ. 2012ರಲ್ಲಿ ಪ್ರಕಟವಾದ ಈ ಅಧ್ಯಯನ ತಾವೇ ಒಬ್ಬರನ್ನೊಬ್ಬರು ಆರಿಸಿಕೊಂಡ ಅಮೆರಿಕದ ಜೋಡಿಗಳದು. ಅಲ್ಲಿ ಬೇಡವೆಂದು ಹೊರಬರುವುದು ನಮ್ಮಲ್ಲಿಗಿಂತ ಸುಲಭ. ಅಂಥ ಕಡೆಯೂ ಅನುಮಾನವನ್ನು ನುಂಗಿಕೊಂಡು ಮಂಟಪಕ್ಕೆ ಬಂದ ಹೆಣ್ಣುಮಕ್ಕಳಿದ್ದರು ಎಂದರೆ, ಇಲ್ಲಿ ನುಂಗಿಕೊಂಡವರ ಮಾತು ಹೇಳಬೇಕಾಗಿಲ್ಲ.

ಯಾವುದು ಮದುವೆಯ ದಿನದ ಚಿಂತೆ, ಯಾವುದು ಮನುಷ್ಯನ ಬಗೆಗಿನ ಅನುಮಾನ ಎಂದು ಬಿಡಿಸಿ ನೋಡುವುದು ಕಷ್ಟವಲ್ಲ. ಮದುವೆ ಚೆನ್ನಾಗಿ ನಡೆದು ಮುಗಿಯಿತು, ಬೀಗರ ಊಟವೂ ಆಯಿತು, ನೆಂಟರೆಲ್ಲ ಊರಿಗೆ ಹೋದರು ಎಂದುಕೊಳ್ಳಿ. ಛತ್ರ, ಬ್ಲೌಸು, ಎಲೆ ಲೆಕ್ಕದ ಚಿಂತೆಗಳು ಅಲ್ಲಿಗೆ ಉದುರಿ ಹೋಗುತ್ತವೆ. ಮಾರನೆಯ ಸೋಮವಾರ ಬೆಳಿಗ್ಗೆ ಆ ಮನೆಯಲ್ಲಿ ಆ ಒಬ್ಬರ ಜೊತೆ ಕಾಫಿ ಕುಡಿಯುವ ಚಿತ್ರ ತಂದುಕೊಂಡಾಗಲೂ ಎದೆ ಭಾರವಾಗಿಯೇ ಇದ್ದರೆ ಅದನ್ನು ಬಿಟ್ಟುಬಿಡಬಾರದು. ಯಾರ ಜೊತೆ ಮಾತಾಡಿದೆ ಎಂದು ಲೆಕ್ಕ ಕೇಳುವುದು, ಫೋನು ತೋರಿಸು ಎನ್ನುವುದು, ಕೆಲಸ ಬಿಡುವ ಮಾತನ್ನು ಪತ್ರಿಕೆ ಹಂಚಿದ ಮೇಲೆ ಎತ್ತುವುದು, ನಿಮ್ಮ ತಂದೆತಾಯಿಯನ್ನು ಹಗುರಾಗಿ ಕಾಣುವುದು, ಸಿಟ್ಟು ಬಂದಾಗ ಬೇರೆಯೇ ಮನುಷ್ಯನಾಗುವುದು, ಇವೆಲ್ಲ ಮದುವೆಯಾದ ಮೇಲೆ ತಾವಾಗಿ ಕರಗುವುದಿಲ್ಲ. ಕೊನೆಯ ವಾರದಲ್ಲಿ ಕಾರು, ಇನ್ನಷ್ಟು ಚಿನ್ನ ಎಂಬ ಬೇಡಿಕೆ ಬಂದರಂತೂ ಯೋಚಿಸುವ ಅಗತ್ಯವೇ ಇಲ್ಲ. ವರದಕ್ಷಿಣೆ ಕೊಡುವುದೂ ಕೇಳುವುದೂ 1961ರಿಂದ ಅಪರಾಧ. 2022ರಲ್ಲಿ ದೇಶದಲ್ಲಿ 6,450 ವರದಕ್ಷಿಣೆ ಸಾವುಗಳು ದಾಖಲಾದವು. ಅವರಲ್ಲಿ ಎಷ್ಟೋ ಮಂದಿಯ ಮನೆಯಲ್ಲೂ ಯಾರೋ ‘ಎಲ್ಲ ಸರಿಹೋಗತ್ತೆ’ ಎಂದಿರುತ್ತಾರೆ.

ಗೊತ್ತಿದ್ದೂ ನಿಲ್ಲಿಸಲು ಏಕೆ ಆಗುವುದಿಲ್ಲ? ಮಾನದ ಪ್ರಶ್ನೆ ಇದೆ, ಅದರ ಜೊತೆಗೆ ಮಿದುಳಿನ ಒಂದು ಹಳೆಯ ದೌರ್ಬಲ್ಯವೂ ಇದೆ. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ನಾಟಕಗಳ ವರ್ಷದ ಟಿಕೆಟ್ ಕೊಂಡವರಲ್ಲಿ ಕೆಲವರಿಗೆ ಗೊತ್ತಾಗದಂತೆ ರಿಯಾಯಿತಿ ಕೊಟ್ಟರು. ನಾಟಕ ಎಲ್ಲರಿಗೂ ಒಂದೇ. ಆದರೆ ಪೂರ್ತಿ ಹಣ ಕೊಟ್ಟವರು ಮೊದಲ ಆರು ತಿಂಗಳು ಹೆಚ್ಚು ಸಲ ಹೋದರು. ಕೊಟ್ಟ ಹಣ ಹೇಗೂ ಹಿಂದೆ ಬರುವುದಿಲ್ಲ, ಆದರೂ ಅದು ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಛತ್ರದ ಅಡ್ವಾನ್ಸು, ಅಚ್ಚಾದ ಐನೂರು ಪತ್ರಿಕೆ, ತೆಗೆದಾಗಿರುವ ಜವಳಿ, ಹಂಚಿ ಮುಗಿದ ಎರಡು ಜಿಲ್ಲೆ. ಇವುಗಳ ಬೆಲೆ ಎಷ್ಟೇ ಇರಲಿ, ಅದು ಕಳೆದ ತಿಂಗಳ ಖರ್ಚು. ಮಗಳ ಮುಂದಿನ ನಲವತ್ತು ವರ್ಷವನ್ನು ಅದರ ಜೊತೆ ತಕ್ಕಡಿಯಲ್ಲಿ ಇಡುವುದು ಲೆಕ್ಕದಲ್ಲೂ ತಪ್ಪು, ನ್ಯಾಯದಲ್ಲೂ ತಪ್ಪು.

ಆದ್ದರಿಂದ ಮದುವೆ ಮನೆಯ ಹಿರಿಯರಲ್ಲಿ ಒಂದು ಬೇಡಿಕೆ. ಚಪ್ಪರ ಹಾಕುವುದಕ್ಕೆ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು, ಮಗಳನ್ನೋ ಮಗನನ್ನೋ ಒಬ್ಬರನ್ನೇ ಕೂರಿಸಿಕೊಳ್ಳಿ. ‘ಖುಷಿನಾ’ ಎಂದು ಕೇಳಬೇಡಿ, ಆ ಪ್ರಶ್ನೆಗೆ ಒಂದೇ ಉತ್ತರವಿದೆ. ‘ಅವರ ಬಗ್ಗೆ ನಿನಗೆ ಏನು ಭಯ ಇದೆ?’ ಎಂದು ಕೇಳಿ. ಉತ್ತರ ಬರುವವರೆಗೆ ಕಾಯಿರಿ, ನಡುವೆ ಬಾಯಿ ಹಾಕಬೇಡಿ. ಬ್ಲೌಸಿನ ಮಾತು ಬಂದರೆ ಟೈಲರಿಗೆ ಫೋನು ಮಾಡಿ. ಬೇರೆ ಮಾತು ಬಂದರೆ, ‘ಪತ್ರಿಕೆ ಹಂಚಾಗಿದೆ’ ಎಂಬುದು ಉತ್ತರವಾಗದಿರಲಿ. ‘ನೀನು ಬೇಡ ಅಂದರೂ ನಾವು ನಿನ್ನ ಜೊತೆಗಿದ್ದೀವಿ’ ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಕೇಳುವವರು ಮನೆಯಲ್ಲಿ ಯಾರೂ ಇಲ್ಲದ ಹೆಣ್ಣುಮಕ್ಕಳು 181ಕ್ಕೆ ಕರೆ ಮಾಡಬಹುದು. ಅದು ಮಹಿಳಾ ಸಹಾಯವಾಣಿ, ಹಗಲು ರಾತ್ರಿ ತೆರೆದಿರುತ್ತದೆ.